ಸೂಜಿ ಚುಚ್ಚುವಾಗ ಅಮ್ಮ ಎಲ್ಲಿರಬೇಕು?

ಹೆರಿಗೆ ನೋವಿನ ಬಗ್ಗೆ ನಮ್ಮಲ್ಲಿ ಹಾಡುಗಳಿವೆ, ಅಜ್ಜಿಯರು ಹೇಳುವ ಅನುಭವದ ಮಾತುಗಳಿವೆ. ಅದೇ ಹೆರಿಗೆಯಲ್ಲಿ ಹುಟ್ಟಿದ ಕೂಸಿಗೆ ಮೊದಲ ಕೆಲವು ಗಂಟೆಗಳಲ್ಲೇ ಆಸ್ಪತ್ರೆಯವರಾದ ನಾವು ಕೊಡುವ ನೋವಿನ ಬಗ್ಗೆ ಮಾತು ಕಡಿಮೆ. ಇವತ್ತು ಅದರ ಬಗ್ಗೆಯೇ ಮಾತಾಡಬೇಕೆಂದು ಬಂದಿದ್ದೇನೆ.

ಮಗು ಹುಟ್ಟಿದ ಕೂಡಲೇ ತೊಡೆಗೆ ವಿಟಮಿನ್ ಕೆ ಇಂಜೆಕ್ಷನ್ ಕೊಡುತ್ತಾರೆ. ಎಳೆಗೂಸಿನ ಮೈಯಲ್ಲಿ ಆ ವಿಟಮಿನ್ನಿನ ದಾಸ್ತಾನು ತೀರ ಕಡಿಮೆ. ಅದು ಸಾಲದೆ ಹೋದರೆ ಮಿದುಳಿನಲ್ಲೋ ಕರುಳಿನಲ್ಲೋ ರಕ್ತಸ್ರಾವ ಆಗಬಹುದು. 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ. ಎಡತೋಳಿಗೆ ಬಿಸಿಜಿ. ಮಗು ಹಳದಿಯಾಗಿ ಕಂಡರೆ ಹಿಮ್ಮಡಿ ಚುಚ್ಚಿ ಕಾಮಾಲೆಯ ಪರೀಕ್ಷೆ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಮಗುವಿನ ರಕ್ತದ ಸಕ್ಕರೆ ಇಳಿದಿದೆಯೇ ನೋಡಲು ಕೆಲವು ಗಂಟೆಗಳಿಗೊಮ್ಮೆ ಮತ್ತೆ ಅದೇ ಹಿಮ್ಮಡಿ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇದೆಯೇ ತಿಳಿಯಲು ಕಾಗದದ ಮೇಲೆ ಕೆಲವು ಹನಿ ರಕ್ತ. ಇದೆಲ್ಲವೂ ಬೇಕಾದದ್ದೇ. ಇದರಲ್ಲಿ ಒಂದನ್ನೂ ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಮಗುವಿಗೆ ದ್ರೋಹ ಮಾಡಿದಂತೆ.

ನಾನು ಕೇಳುವುದು ಬೇರೆ. ಆ ಹೊತ್ತಿನಲ್ಲಿ ಮಗು ಎಲ್ಲಿರುತ್ತದೆ? ತಾಯಿ ಎಲ್ಲಿರುತ್ತಾಳೆ?

ಸಾಮಾನ್ಯವಾಗಿ ನಡೆಯುವುದು ಹೀಗೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಇನ್ನೊಂದು ಕೋಣೆಗೆ ಒಯ್ಯುತ್ತಾರೆ. "ಅಮ್ಮ ಇಲ್ಲೇ ಇರ್ಲಿ, ನೋಡಿದ್ರೆ ಸಂಕಟ ಆಗತ್ತೆ" ಅನ್ನುತ್ತಾರೆ. ಮೇಜಿನ ಮೇಲೆ ಅಂಗಾತ ಮಲಗಿಸಿ, ಕಾಲು ಹಿಡಿದು, ಚುಚ್ಚಿ, ಕೆಂಪಗೆ ಅಳುತ್ತಿರುವ ಮಗುವನ್ನು ತಂದು ಕೈಗೆ ಕೊಟ್ಟು, "ಹಾಲು ಕುಡಿಸಮ್ಮ, ಸುಮ್ಮನಾಗತ್ತೆ" ಅನ್ನುತ್ತಾರೆ. ಹಾಲು ಕುಡಿದರೆ ಮಗು ಸುಮ್ಮನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಾಗಿದ್ದ ಮೇಲೆ ಆ ಹಾಲು ಸೂಜಿಗಿಂತ ಮೊದಲೇ ಏಕೆ ಶುರುವಾಗಬಾರದು? ಈ ಮಾತಿಗೆ ಇವತ್ತು ಬಲವಾದ ಆಧಾರವಿದೆ. ಆದರೆ ಅಲ್ಲಿಗೆ ಬರುವುದಕ್ಕೆ ವೈದ್ಯ ವಿಜ್ಞಾನ ಬಹಳ ತಡ ಮಾಡಿತು.

ಎಳೆಗೂಸಿಗೆ ನೋವೇ ಆಗುವುದಿಲ್ಲ ಎಂದು ಇಪ್ಪತ್ತನೆಯ ಶತಮಾನದ ಬಹುಭಾಗ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. 1941ರಲ್ಲಿ ಅಮೆರಿಕದ ಮರ್ಟಲ್ ಮೆಕ್‌ಗ್ರಾ ಎಂಬ ಸಂಶೋಧಕಿ 75 ಮಕ್ಕಳ ಮೈಗೆ ಪಿನ್ನಿನಿಂದ ಮೆಲ್ಲಗೆ ಚುಚ್ಚಿ, ಅವರು ಹೇಗೆ ಸ್ಪಂದಿಸುತ್ತಾರೆ ಎಂದು ನೋಡಿ ಬರೆದರು. ಹುಟ್ಟಿದ ಮೊದಲ ದಿನಗಳಲ್ಲಿ ಕೆಲವು ಮಕ್ಕಳು ಹೆಚ್ಚು ಸ್ಪಂದಿಸಲಿಲ್ಲ ಎಂಬ ಅವರ ಮಾತನ್ನು ಮುಂದಿನವರು ಹಿಡಿದುಕೊಂಡರು. ಜೊತೆಗೆ ಇನ್ನೊಂದು ವಾದವೂ ಸೇರಿತು: ನರಗಳ ಸುತ್ತ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ, ಹಸುಗೂಸಿನಲ್ಲಿ ಅದು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಆದ್ದರಿಂದ ನೋವಿನ ಸುದ್ದಿ ಮಿದುಳನ್ನು ಮುಟ್ಟುವುದೇ ಇಲ್ಲ ಎಂಬುದು. ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ದೊಡ್ಡವರಲ್ಲೂ ನೋವಿನ ಹೆಚ್ಚು ಪಾಲನ್ನು ಹೊರುವುದು ಮೈಲಿನ್ ಹೊದಿಕೆಯೇ ಇಲ್ಲದ, ಇಲ್ಲವೇ ತೀರ ತೆಳು ಹೊದಿಕೆಯ ನರತಂತುಗಳು. ಹೊದಿಕೆ ಕಡಿಮೆಯಿದ್ದರೆ ಸುದ್ದಿ ನಿಧಾನವಾಗಿ ಹೋಗುತ್ತದೆ ಅಷ್ಟೆ. ಅಂಗೈ ಮೇಲೆ ಮಲಗುವಷ್ಟು ಪುಟ್ಟ ಮೈಯಲ್ಲಿ ಅದು ಕ್ರಮಿಸಬೇಕಾದ ದೂರವಾದರೂ ಎಷ್ಟು?

ಈ ನಂಬಿಕೆಯ ಬೆಲೆ ಏನಾಯಿತು ಎಂಬುದು 1985ರ ಒಂದು ಘಟನೆಯಿಂದ ಹೊರಗೆ ಬಂತು. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಜೆಫ್ರಿ ಲಾಸನ್ ಎಂಬ ಮಗು ತಿಂಗಳು ತುಂಬುವ ಎಷ್ಟೋ ಮೊದಲೇ ಹುಟ್ಟಿತು. ಅದರ ಹೃದಯದ ಬಳಿಯ ರಕ್ತನಾಳವೊಂದು ತಾನಾಗಿ ಮುಚ್ಚಿಕೊಳ್ಳಲಿಲ್ಲ; ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಿದರು. ಕೆಲವು ವಾರಗಳಲ್ಲಿ ಮಗು ತೀರಿಕೊಂಡಿತು. ತಾಯಿ ಜಿಲ್ ಲಾಸನ್ ಆಮೇಲೆ ಆಸ್ಪತ್ರೆಯ ಕಾಗದಪತ್ರ ತರಿಸಿ ಓದಿದಾಗ ತಿಳಿದದ್ದು: ಮಗು ಅಲುಗಾಡದ ಹಾಗೆ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧ ಕೊಟ್ಟಿದ್ದರು, ನೋವು ತಿಳಿಯದಂತೆ ಮಾಡುವ ಔಷಧ ಯಾವುದನ್ನೂ ಕೊಟ್ಟಿರಲಿಲ್ಲ. ಅಂದರೆ ಮಗು ಅಳುವಂತೆಯೂ ಇರಲಿಲ್ಲ, ಕೈಕಾಲು ಆಡಿಸುವಂತೆಯೂ ಇರಲಿಲ್ಲ. ಆ ಕಾಲಕ್ಕೆ ಅದು ಒಬ್ಬ ವೈದ್ಯರ ಅಚಾತುರ್ಯ ಆಗಿರಲಿಲ್ಲ. ಅನೇಕ ಕಡೆ ಅದೇ ರೂಢಿ ಇತ್ತು. ಆ ತಾಯಿ ಸುಮ್ಮನೆ ಕೂರಲಿಲ್ಲ. ಪತ್ರ ಬರೆದರು, ಪತ್ರಿಕೆಗಳ ಬಾಗಿಲು ತಟ್ಟಿದರು. 1986ರಲ್ಲಿ ವಿಷಯ ಪತ್ರಿಕೆಗಳಲ್ಲಿ ಬಂದು ದೇಶವೆಲ್ಲ ಮಾತಾಡಿತು.

ಸರಿಸುಮಾರು ಅದೇ ಹೊತ್ತಿಗೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನಮ್ಮ ದೇಶದ ಒಬ್ಬ ತರುಣ ವೈದ್ಯರು ಇದೇ ಪ್ರಶ್ನೆಯನ್ನು ಬೇರೆ ದಾರಿಯಿಂದ ಹಿಡಿದಿದ್ದರು. ಅವರು ಕನ್ವಲ್‌ಜೀತ್ ಸಿಂಗ್ ಆನಂದ್. ಇಂದೋರಿನಲ್ಲಿ ವೈದ್ಯಕೀಯ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದವರು. ಶಸ್ತ್ರಚಿಕಿತ್ಸೆಗೆ ಒಳ್ಳೆಯ ಸ್ಥಿತಿಯಲ್ಲಿ ಹೋದ ಎಳೆಮಕ್ಕಳು ವಾಪಸು ಬರುವಾಗ ಬಿಳಿಚಿಕೊಂಡು, ಉಸಿರು ಮೇಲುಮೇಲಾಗಿ, ನಾಡಿ ಕುಂದಿ ಬರುತ್ತಿದ್ದುದನ್ನು ಅವರು ಗಮನಿಸಿದರು. ಒಳಗೆ ಏನಾಗುತ್ತಿದೆ ಎಂದು ನೋಡಲು ರಕ್ತದಲ್ಲಿ ಒತ್ತಡದ ಹಾರ್ಮೋನುಗಳನ್ನು ಅಳೆದರು. ಹಾರ್ಮೋನುಗಳು ಉಕ್ಕಿ ಹರಿದಿದ್ದವು. ಆಮೇಲೆ ಕೆಲವು ಮಕ್ಕಳಿಗೆ ರೂಢಿಯ ವಿಧಾನದ ಜೊತೆಗೆ ಫೆಂಟನಿಲ್ ಎಂಬ ನೋವು ನಿವಾರಕವನ್ನೂ ಕೊಟ್ಟು, ಕೊಡದವರೊಂದಿಗೆ ಹೋಲಿಸಿದರು. ಔಷಧ ಪಡೆದ ಮಕ್ಕಳಲ್ಲಿ ಹಾರ್ಮೋನುಗಳ ಆ ಬಿರುಸು ತಗ್ಗಿತ್ತು, ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಕಡಿಮೆಯಿದ್ದವು. 1987ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ, ಎಳೆಮಕ್ಕಳಿಗೆ ಅರಿವಳಿಕೆ ಬೇಕು ಎಂದು ಬಾಯಿಬಿಟ್ಟು ಹೇಳಿತು. ಒಬ್ಬ ತಾಯಿಯ ಹಟ, ಒಬ್ಬ ವೈದ್ಯನ ಗಮನ, ಎರಡೂ ಸೇರಿ ಬಾಗಿಲು ತೆರೆದವು. ಈ ಕಥೆಯನ್ನು ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಮೊದಲ ವರ್ಷವೇ ಹೇಳಬೇಕು ಎಂಬುದು ನನ್ನ ಆಸೆ.

ಶಸ್ತ್ರಚಿಕಿತ್ಸೆಯ ವಿಷಯ ಹೀಗೆ ಸರಿಹೋಯಿತು. ಸಣ್ಣ ಸೂಜಿಯ ವಿಷಯ ಮಾತ್ರ ಹಿಂದೆ ಉಳಿಯಿತು. "ಒಂದು ಚುಚ್ಚು ತಾನೆ, ಮರೆತುಬಿಡುತ್ತೆ" ಎಂಬ ಮಾತು ಇವತ್ತಿಗೂ ಕೇಳಿಸುತ್ತದೆ.

ಮರೆಯುತ್ತದೆಯೇ? ಕೆನಡಾದ ಟೊರಾಂಟೊದಲ್ಲಿ ಆನಾ ಟಾಡಿಯೊ ಮತ್ತು ಜೊತೆಯವರು ಮಾಡಿದ ಎರಡು ಅಧ್ಯಯನಗಳನ್ನು ಹೇಳುತ್ತೇನೆ. 1997ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ ಅವರು, ಹುಟ್ಟಿದಾಗ ಸುನ್ನತಿ ಆದ ಗಂಡುಮಕ್ಕಳನ್ನೂ ಆಗದವರನ್ನೂ ನಾಲ್ಕು ಇಲ್ಲವೇ ಆರು ತಿಂಗಳ ಲಸಿಕೆಯ ದಿನ ನೋಡಿದರು. ನೋವಿನ ಮುಲಾಮು ಇಲ್ಲದೆ ಸುನ್ನತಿ ಆಗಿದ್ದವರು ಲಸಿಕೆಯ ಸೂಜಿಗೆ ಹೆಚ್ಚು ನೊಂದು ಅತ್ತರು. ಮುಲಾಮು ಹಚ್ಚಿಸಿಕೊಂಡಿದ್ದವರು ನಡುವೆ ಇದ್ದರು. ತಿಂಗಳುಗಳು ಕಳೆದಿದ್ದರೂ ಮೈ ಮರೆತಿರಲಿಲ್ಲ.

ಎರಡನೆಯದು 2002ರದು. ಇದು ನನ್ನನ್ನು ಬಹಳ ತಟ್ಟಿದ ಅಧ್ಯಯನ. ಸಕ್ಕರೆ ಕಾಯಿಲೆಯ ತಾಯಂದಿರ ಮಕ್ಕಳಿಗೆ ಮೊದಲ ಒಂದೂವರೆ ದಿನದೊಳಗೆ ಹಿಮ್ಮಡಿಗೆ ಮತ್ತೆ ಮತ್ತೆ ಚುಚ್ಚಬೇಕಾಗುತ್ತದೆ ಎಂದೆನಲ್ಲ, ಆ ಮಕ್ಕಳ ಮುಖವನ್ನು ಅವರು ನೋಡಿದರು. ಆಮೇಲೆ ಕೈಯಿಂದ ರಕ್ತ ತೆಗೆಯುವಾಗ ಆ ಮಕ್ಕಳು ಸೂಜಿ ತಾಗುವ ಮೊದಲೇ, ಚರ್ಮವನ್ನು ಸ್ವಚ್ಛಗೊಳಿಸಲು ಒರೆಸುವಾಗಲೇ ಮುಖ ಕಿವುಚುತ್ತಿದ್ದವು. ತಣ್ಣಗೆ ಒರೆಸಿದರೆ ಮುಂದೆ ಚುಚ್ಚುತ್ತಾರೆ ಎಂದು ಹುಟ್ಟಿ ಎರಡು ದಿನ ತುಂಬದ ಕೂಸು ಕಲಿತಿತ್ತು. ನಮ್ಮ ರಾಜ್ಯದಲ್ಲೂ ಗರ್ಭಿಣಿಯರಲ್ಲಿ ಸಕ್ಕರೆ ಕಾಯಿಲೆ ಸಾಮಾನ್ಯ ಸಂಗತಿ. ಹಾಗಾಗಿ ಇದು ದೂರದ ದೇಶದ ಸುದ್ದಿ ಅಲ್ಲ, ನಮ್ಮ ವಾರ್ಡುಗಳಲ್ಲಿ ದಿನವೂ ನಡೆಯುವುದು.

ಎಳೆಮಕ್ಕಳಿಗೆ ನೋವು ದೊಡ್ಡವರಿಗಿಂತ ಕಡಿಮೆ ಎನ್ನುವುದಕ್ಕಿಂತ ಹೆಚ್ಚು ಎನ್ನುವುದೇ ಸತ್ಯಕ್ಕೆ ಹತ್ತಿರ. ನೋವಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವ ನರಗಳು ಬಸಿರಿನಲ್ಲೇ ಸಿದ್ಧವಾಗುತ್ತವೆ. ಅದನ್ನು ತಗ್ಗಿಸಲು ಮಿದುಳಿನಿಂದ ಬೆನ್ನುಹುರಿಗೆ ಇಳಿದುಬರುವ ವ್ಯವಸ್ಥೆ ಮಾತ್ರ ಹುಟ್ಟಿದ ಮೇಲೆ ನಿಧಾನವಾಗಿ ಪಕ್ವವಾಗುತ್ತದೆ. ಮನೆ ಕಟ್ಟಿಯಾಗಿದೆ, ಬಾಗಿಲು ಇನ್ನೂ ಕೂರಿಸಿಲ್ಲ ಎಂದಂತೆ. ಲಂಡನ್ನಿನ ಮರಿಯಾ ಫಿಟ್ಜ್‌ಜೆರಾಲ್ಡ್ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದ ಪ್ರಕಾರ, ಪದೇ ಪದೇ ಚುಚ್ಚಿದ ಹಿಮ್ಮಡಿ ಅತಿಸೂಕ್ಷ್ಮವಾಗಿಬಿಡುತ್ತದೆ. ಮೆಲ್ಲಗೆ ಮುಟ್ಟಿದರೂ ಕಾಲು ಎಳೆದುಕೊಳ್ಳುತ್ತದೆ. 2015ರಲ್ಲಿ ಆಕ್ಸ್‌ಫರ್ಡಿನ ತಂಡವೊಂದು ಎಂಆರ್‌ಐ ಯಂತ್ರದೊಳಗೆ ನಿದ್ರಿಸುತ್ತಿದ್ದ ನವಜಾತ ಶಿಶುಗಳ ಪಾದಕ್ಕೆ ಪೆನ್ಸಿಲ್ ಮೊನೆ ಒತ್ತಿದಷ್ಟು ಹಗುರವಾಗಿ ಒತ್ತಿ ನೋಡಿತು. ನೋವಾದಾಗ ದೊಡ್ಡವರ ಮಿದುಳಿನಲ್ಲಿ ಚುರುಕಾಗುವ 20 ಭಾಗಗಳಲ್ಲಿ 18 ಭಾಗಗಳು ಶಿಶುಗಳಲ್ಲೂ ಚುರುಕಾದವು.

ಇನ್ನು ಮಗುವಿಗೆ ನೋವಾಗಿದೆ ಎಂದು ತಿಳಿಯುವುದು ಹೇಗೆ? ಅಳುವಿನಿಂದ ಎಂದು ಎಲ್ಲರೂ ಹೇಳುತ್ತಾರೆ. ಅಳು ಹಸಿವಿಗೂ ಬರುತ್ತದೆ, ಚಳಿಗೂ ಬರುತ್ತದೆ. ನೋವಿನ ಗುರುತು ಹೆಚ್ಚಾಗಿ ಮುಖದಲ್ಲಿದೆ. ಹುಬ್ಬುಗಳ ನಡುವೆ ಉಬ್ಬು ಬರುತ್ತದೆ, ಕಣ್ಣು ಬಿಗಿಯಾಗಿ ಮುಚ್ಚುತ್ತದೆ, ಮೂಗಿನ ಪಕ್ಕದಿಂದ ತುಟಿಯಂಚಿಗೆ ಗೆರೆ ಆಳವಾಗುತ್ತದೆ, ಬಾಯಿ ಚೌಕವಾಗಿ ತೆರೆದು ನಾಲಗೆ ಬಿಗಿಯುತ್ತದೆ. ಕೆನಡಾದ ರುತ್ ಗ್ರುನಾವ್ ಮತ್ತು ಕೆನೆತ್ ಕ್ರೇಗ್ 1987ರಲ್ಲಿ ಈ ಮುಖಚಹರೆಗಳನ್ನು ಅಳತೆಗೆ ತಂದರು. ತಾಯಂದಿರು ಇದನ್ನು ಕಲಿತರೆ ನರ್ಸುಗಳಿಗೂ ಸಹಾಯ. ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು: ಏಳು ತಿಂಗಳಿಗೇ ಹುಟ್ಟಿದ ಮಗುವಿಗೆ ಎಷ್ಟೋ ಸಲ ಅಳುವ ಶಕ್ತಿಯೂ ಇರುವುದಿಲ್ಲ. ಅದು ಚುಚ್ಚಿಸಿಕೊಂಡು ಸುಮ್ಮನೆ, ಮೈ ಸಡಿಲ ಬಿಟ್ಟು ಮಲಗಿರುತ್ತದೆ. ನೋಡಿದವರು "ಎಷ್ಟು ಒಳ್ಳೆ ಮಗು, ಅಳೋದೇ ಇಲ್ಲ" ಎನ್ನುತ್ತಾರೆ. ಅದರ ಹೃದಯದ ಬಡಿತ, ಆಮ್ಲಜನಕದ ಮಟ್ಟ ನೋಡಿದರೆ ನಿಜ ಗೊತ್ತಾಗುತ್ತದೆ.

ಈ ತಿಂಗಳು ತುಂಬದ ಮಕ್ಕಳ ಪಾಡೇ ಬೇರೆ. ಅವರಿಗೆ ಒಂದೆರಡು ಸೂಜಿಗಳಲ್ಲ. ಪ್ಯಾರಿಸ್ ಸುತ್ತಮುತ್ತಲ 13 ಘಟಕಗಳಲ್ಲಿ 430 ಎಳೆಮಕ್ಕಳನ್ನು ಮೊದಲ ಹದಿನಾಲ್ಕು ದಿನ ಗಮನಿಸಿ, ಏನೇನು ಮಾಡಿದರು ಎಂದು ಹಾಸಿಗೆಯ ಪಕ್ಕದಲ್ಲೇ ಬರೆದಿಟ್ಟರು. ರಿಕಾರ್ಡೊ ಕಾರ್ಬಖಾಲ್ ನೇತೃತ್ವದ ಈ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ನೋವು ಕೊಡುವ ಕೆಲಸಗಳು 42,413. ನಡುಮಟ್ಟದ ಲೆಕ್ಕದಲ್ಲಿ ಮಗುವೊಂದಕ್ಕೆ ದಿನಕ್ಕೆ ಹತ್ತು. ಅವುಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಭಾಗಕ್ಕೆ, ಆ ಕೆಲಸಕ್ಕೆಂದೇ ನೋವು ಕಡಿಮೆ ಮಾಡುವ ಯಾವ ಏರ್ಪಾಡೂ ಇರಲಿಲ್ಲ. ಎಲ್ಲ ಸೌಕರ್ಯವಿರುವ ಫ್ರಾನ್ಸಿನ ಕಥೆ ಇದು.

ಹಾಗಾದರೆ ಎಲ್ಲರಿಗೂ ಮಾರ್ಫಿನ್ ಕೊಟ್ಟುಬಿಡೋಣವೇ ಎಂದರೆ ಅದೂ ಆಗದು. ವೆಂಟಿಲೇಟರಿನಲ್ಲಿದ್ದ 898 ಅವಧಿಪೂರ್ವ ಶಿಶುಗಳಲ್ಲಿ ಆನಂದ್ ಅವರೇ ಮುಂದೆ ನಿಂತು ನಡೆಸಿದ, 2004ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಮಾರ್ಫಿನ್ ಡ್ರಿಪ್ ಹಾಕಿದ್ದರಿಂದ ನಿರೀಕ್ಷಿಸಿದ ಲಾಭ ಸಿಗಲಿಲ್ಲ. ರಕ್ತದೊತ್ತಡ ಇಳಿಯುವ ಸಮಸ್ಯೆ ಕಾಣಿಸಿತು. ಶಸ್ತ್ರಚಿಕಿತ್ಸೆಗೆ, ಎದೆಗೆ ನಳಿಕೆ ಹಾಕುವಂಥ ಕೆಲಸಕ್ಕೆ ಬಲವಾದ ಔಷಧ ಬೇಕೇ ಬೇಕು. ಹಿಮ್ಮಡಿಯ ಸೂಜಿಗೆ ಅದು ಹೊಂದುವುದಿಲ್ಲ. ಪ್ಯಾರಸಿಟಮಾಲ್ ಹನಿ ಹಾಕಿದರೆ ಹಿಮ್ಮಡಿಯ ನೋವು ತಗ್ಗುವುದಿಲ್ಲ. ಚರ್ಮ ಮರಗಟ್ಟಿಸುವ ಮುಲಾಮೂ ಹಿಮ್ಮಡಿಯಲ್ಲಿ ಕೆಲಸ ಮಾಡುವುದಿಲ್ಲ. ಅದನ್ನು ಪದೇ ಪದೇ, ಹೆಚ್ಚು ಜಾಗಕ್ಕೆ ಹಚ್ಚಿದರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುವ ಅಪಾಯವಿದೆ.

ಉಳಿದದ್ದು ಏನು? ತಾಯಿ.

ಇದನ್ನು ಭಾವುಕತೆಯಿಂದ ಹೇಳುತ್ತಿಲ್ಲ. ಅದೇ ಕಾರ್ಬಖಾಲ್ 2003ರಲ್ಲಿ, ತಿಂಗಳು ತುಂಬಿ ಹುಟ್ಟಿದ 180 ಮಕ್ಕಳಿಂದ ರಕ್ತ ತೆಗೆಯುವಾಗ ಅವರನ್ನು ನಾಲ್ಕು ಗುಂಪು ಮಾಡಿ ನೋಡಿದರು. ಒಂದು ಗುಂಪು ಮೊಲೆ ಕುಡಿಯುತ್ತಿತ್ತು. ಇನ್ನೊಂದು ಗುಂಪನ್ನು ತಾಯಿ ತೋಳಿನಲ್ಲಿ ಎತ್ತಿಕೊಂಡಿದ್ದಳು, ಹಾಲು ಕೊಡಲಿಲ್ಲ. ಮೂರನೆಯದಕ್ಕೆ ಬರೀ ನೀರಿನ ಹನಿ, ನಾಲ್ಕನೆಯದಕ್ಕೆ ಗ್ಲುಕೋಸ್ ಹನಿ ಮತ್ತು ಚೀಪಲು ನಿಪ್ಪಲ್. ಹತ್ತರ ನೋವಿನ ಅಳತೆಯಲ್ಲಿ ನೀರಿನ ಗುಂಪಿನ ನಡುಮಟ್ಟ ಹತ್ತು. ಸುಮ್ಮನೆ ಎತ್ತಿಕೊಂಡಿದ್ದ ಗುಂಪಿನದೂ ಹತ್ತು. ಮೊಲೆ ಕುಡಿಯುತ್ತಿದ್ದವರದು ಒಂದು. ಗ್ಲುಕೋಸ್ ಗುಂಪಿನದೂ ಒಂದು. ಯಾವ ದುಬಾರಿ ಔಷಧವೂ ಇಲ್ಲದೆ ಹತ್ತರಿಂದ ಒಂದಕ್ಕೆ ಇಳಿಯುವುದನ್ನು ವೈದ್ಯಕೀಯದಲ್ಲಿ ನಾವು ಎಷ್ಟು ಸಲ ನೋಡುತ್ತೇವೆ? ಮತ್ತೆ ಆ ಎರಡನೆಯ ಗುಂಪನ್ನು ಗಮನಿಸಿ. ಬಟ್ಟೆಯ ಮೇಲಿಂದ ಎತ್ತಿಕೊಂಡರೆ ಮಾತ್ರ ಸಾಲದು. ಮಗು ಮೊಲೆ ಹಿಡಿದಿರಬೇಕು, ಇಲ್ಲವೇ ಅದರ ಬರಿಮೈ ತಾಯಿಯ ಬರಿಯೆದೆಗೆ ತಾಗಿರಬೇಕು. ಹಾಗೆ ಚರ್ಮಕ್ಕೆ ಚರ್ಮ ತಾಗಿಸಿ ಹತ್ತು ಹದಿನೈದು ನಿಮಿಷ ಇಟ್ಟುಕೊಂಡು ಹಿಮ್ಮಡಿ ಚುಚ್ಚಿದಾಗ ಮಗುವಿನ ಅಳು ಐದರಲ್ಲಿ ನಾಲ್ಕು ಪಾಲು ಕಡಿಮೆಯಾದದ್ದನ್ನು ಅಮೆರಿಕದ ಲ್ಯಾರಿ ಗ್ರೇ 2000ದಲ್ಲಿ ತೋರಿಸಿದ್ದಾರೆ. ತಿಂಗಳು ತುಂಬದ, ಮೊಲೆ ಚೀಪಲಾಗದ ಮಕ್ಕಳಲ್ಲೂ ಹೀಗೆ ಬರಿಯೆದೆಗೆ ತಾಗಿಸಿ ಇಟ್ಟುಕೊಳ್ಳುವ ಕಾಂಗರೂ ಆರೈಕೆಯಿಂದ ನೋವು ತಗ್ಗುತ್ತದೆ ಎಂದು ಕೆನಡಾದ ಸೆಲೆಸ್ಟ್ ಜಾನ್ಸ್ಟನ್ ತೋರಿಸಿದರು. ತಾಯಿಗೆ ಆಪರೇಷನ್ ಆಗಿ ಬರಲಾಗದಿದ್ದರೆ ಅಪ್ಪನ ಎದೆಯೂ ಆಗುತ್ತದೆ. ನಮ್ಮ ಅಪ್ಪಂದಿರು ಅಂಗಿ ಬಿಚ್ಚಿ ಕೂರಲು ನಾಚಿಕೊಳ್ಳುತ್ತಾರೆ, ನಾಚಿಕೊಳ್ಳುವುದು ಬೇಡ.

ಸಿಹಿಯ ವಿಷಯ ಸ್ವಲ್ಪ ಎಚ್ಚರದಿಂದ ಹೇಳಬೇಕು. ಸೂಜಿಗೆ ಎರಡು ನಿಮಿಷ ಮೊದಲು ನಾಲಗೆಯ ತುದಿಗೆ ಕೆಲವೇ ಹನಿ ಸಕ್ಕರೆ ದ್ರಾವಣ ಹಾಕಿದರೆ ಮಗುವಿನ ನೋವಿನ ಚಿಹ್ನೆಗಳು ಕಡಿಮೆಯಾಗುತ್ತವೆ. 2016ರ ಒಂದು ಪರಾಮರ್ಶೆ 74 ಅಧ್ಯಯನಗಳ, ಏಳು ಸಾವಿರಕ್ಕೂ ಹೆಚ್ಚು ಶಿಶುಗಳ ಮಾಹಿತಿ ಒಟ್ಟುಗೂಡಿಸಿ ಇದನ್ನು ಹೇಳಿದೆ. ಆದರೆ ಲಂಡನ್ನಿನಲ್ಲಿ ರೆಬೆಕಾ ಸ್ಲೇಟರ್ ಅವರು 2010ರಲ್ಲಿ ಮಿದುಳಿನ ವಿದ್ಯುತ್ ಸಂಕೇತಗಳನ್ನು ಅಳೆದಾಗ, ಸಿಹಿ ಪಡೆದ ಮಕ್ಕಳ ಮುಖ ಶಾಂತವಾಗಿದ್ದರೂ ಮಿದುಳು ನೋವಿಗೆ ಮೊದಲಿನಷ್ಟೇ ಸ್ಪಂದಿಸಿತ್ತು. ಹಾಗಾಗಿ ತಾಯಿ ಪಕ್ಕದಲ್ಲೇ ಇರುವಾಗ ಸಿಹಿ ಹನಿಯೊಂದನ್ನೇ ನೆಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಇನ್ನೂ ಮುಖ್ಯವಾದದ್ದು: ಇದು ಆಸ್ಪತ್ರೆಯಲ್ಲಿ, ಅಳತೆ ಮಾಡಿ, ಶುದ್ಧವಾಗಿ ತಯಾರಿಸಿ ಕೊಡುವ ಹನಿ. ಮನೆಯಲ್ಲಿ ಹುಟ್ಟಿದ ಮಗುವಿನ ಬಾಯಿಗೆ ಜೇನು ಸವರುವುದು, ಸಕ್ಕರೆ ನೀರು ಹಾಕುವುದು ನಮ್ಮ ಹಲವು ಊರುಗಳಲ್ಲಿದೆ. ಈ ಮಾತು ಕೇಳಿ ಯಾರೂ ಆ ಪದ್ಧತಿಗೆ ಮರಳಬಾರದು. ಜೇನಿನಲ್ಲಿ ಬಾಟ್ಯುಲಿಸಂ ರೋಗದ ಕ್ರಿಮಿಯ ಬೀಜಾಣುಗಳು ಇರಬಹುದು. ಒಂದು ವರ್ಷ ತುಂಬುವ ತನಕ ಜೇನು ಕೂಡದು.

ಎಷ್ಟು ಸಲ ಚುಚ್ಚುತ್ತೇವೆ ಎಂಬುದನ್ನೂ ಕಡಿಮೆ ಮಾಡಬಹುದು. ಕಾಮಾಲೆ ಎಷ್ಟಿದೆ ಎಂದು ಚರ್ಮದ ಮೇಲೆ ಇಟ್ಟು ನೋಡುವ ಉಪಕರಣ ಬಂದಿದೆ. ಅದರಿಂದ ಎಷ್ಟೋ ಸೂಜಿ ಉಳಿಯುತ್ತದೆ. ಎರಡು ಪರೀಕ್ಷೆಗೆ ಎರಡು ಸಲದ ಬದಲು ಒಂದೇ ಸಲ ರಕ್ತ ತೆಗೆಯಬಹುದು. ತಿಂಗಳು ತುಂಬಿದ ಮಗುವಿಗೆ, ನುರಿತ ಕೈಯಿದ್ದರೆ, ಹಿಮ್ಮಡಿಗಿಂತ ಕೈಯ ರಕ್ತನಾಳದಿಂದ ತೆಗೆಯುವುದೇ ಕಡಿಮೆ ನೋವಿನದು. ಹಿಮ್ಮಡಿಯೇ ಆದರೆ ಅಂಚಿನಲ್ಲಿ ಚುಚ್ಚಬೇಕು, ತುದಿಯಲ್ಲಿ ಅಲ್ಲ. ತಾನಾಗಿ ಒಳಹೋಗಿ ಹೊರಬರುವ ಲ್ಯಾನ್ಸೆಟ್ ಎಂಬ ಚುಚ್ಚುಸೂಜಿ ಇದ್ದರೆ ಒಳ್ಳೆಯದು. ಚುಚ್ಚಿದ ಮೇಲೆ ಹಿಮ್ಮಡಿಯನ್ನು ಒತ್ತಿ ಒತ್ತಿ ಹಿಂಡುವುದು ಚುಚ್ಚಿಗಿಂತ ಹೆಚ್ಚು ನೋಯಿಸುತ್ತದೆ.

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ಪರೀಕ್ಷೆಯನ್ನು ಇಲ್ಲಿ ಬಿಡುವಂತಿಲ್ಲ. 2000 ಗ್ರಾಂಗಿಂತ ಕಡಿಮೆ ತೂಕದ ಇಲ್ಲವೇ 34 ವಾರಕ್ಕೆ ಮೊದಲು ಹುಟ್ಟಿದ ಮಕ್ಕಳ ಅಕ್ಷಿಪಟವನ್ನು ತಿಂಗಳೊಳಗೆ ನೋಡಲೇಬೇಕು. ಇಲ್ಲವಾದರೆ ಕುರುಡುತನದ ಅಪಾಯ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರು ಆರಂಭಿಸಿದ ಕಿಡ್‌ರಾಪ್ ಕಾರ್ಯಕ್ರಮ ಕ್ಯಾಮರಾ ಹೊತ್ತು ಜಿಲ್ಲೆಗಳಿಗೆ ಹೋಗಿ, ಚಿತ್ರಗಳನ್ನು ದೂರದ ತಜ್ಞರಿಗೆ ಕಳಿಸಿ, ಎಷ್ಟೋ ಮಕ್ಕಳ ದೃಷ್ಟಿ ಉಳಿಸಿದೆ. ನಮ್ಮ ರಾಜ್ಯ ಹೆಮ್ಮೆ ಪಡುವ ಕೆಲಸ ಅದು. ಆದರೆ ರೆಪ್ಪೆಯನ್ನು ಅಗಲಿಸಿ ಹಿಡಿಯುವ ಈ ಪರೀಕ್ಷೆ ಮಗುವಿಗೆ ನೋವಿನದು. ಕಣ್ಣಿಗೆ ಮರಗಟ್ಟಿಸುವ ಹನಿ, ಮೈಯನ್ನು ಬಟ್ಟೆಯಲ್ಲಿ ಬೆಚ್ಚಗೆ ಸುತ್ತುವುದು, ಕೈಕಾಲು ಮಡಿಸಿ ಅಂಗೈಯಿಂದ ಹಿಡಿದಿಡುವುದು, ಬಾಯಿಗೆ ಸಿಹಿ ಹನಿ, ಇವಿಷ್ಟೂ ಸೇರಿದರೆ ಮಗು ತಾಳಿಕೊಳ್ಳುತ್ತದೆ. ಆ ಅಂಗೈ ಅಮ್ಮನದಾಗಬಹುದು. ಪರೀಕ್ಷೆ ಮಾತ್ರ ತಪ್ಪಿಸಬೇಡಿ.

ಈಗ ಲಸಿಕೆಯ ದಿನಕ್ಕೆ ಬರೋಣ, ಏಕೆಂದರೆ ಇದು ಎಲ್ಲ ಮನೆಗೂ ಬರುವ ದಿನ. ಒಂದೂವರೆ ತಿಂಗಳಿಗೆ ಎಡತೊಡೆಗೆ ಪೆಂಟಾವೇಲೆಂಟ್, ಬಲತೊಡೆಗೆ ನ್ಯುಮೋಕಾಕಲ್, ಬಲತೋಳಿಗೆ ಪೋಲಿಯೋ ಸೂಜಿ, ಬಾಯಿಗೆ ಹನಿಗಳು. ಮೂರು ಚುಚ್ಚು ಒಂದೇ ದಿನ. ಬಾಯಿಯ ಹನಿಗಳು ಮೊದಲು ಮುಗಿಯಲಿ. ಆಮೇಲೆ ತಾಯಿ ಕೂತು, ತೊಡೆ ಕಾಣುವ ಹಾಗೆ ಮಗುವನ್ನು ಅಡ್ಡಲಾಗಿ ಮಲಗಿಸಿಕೊಂಡು ಮೊಲೆಗೆ ಹಾಕಿಕೊಳ್ಳಲಿ. ಮಗು ಚೆನ್ನಾಗಿ ಹಿಡಿದು, ಒಂದೆರಡು ನಿಮಿಷ ಲಯವಾಗಿ ಚೀಪಿದ ಮೇಲೆ ಸೂಜಿ. ಚುಚ್ಚುವಾಗಲೂ ಕುಡಿಯಲಿ, ಆಮೇಲೂ ಕುಡಿಯಲಿ. ಹೆಚ್ಚು ನೋಯಿಸುವ ಲಸಿಕೆ ಕೊನೆಗೆ ಬರಲಿ. ಸೂಜಿ ಒಳಹೋದ ಮೇಲೆ ರಕ್ತ ಬರುತ್ತದೆಯೇ ಎಂದು ಪಿಸ್ಟನ್ ಹಿಂದಕ್ಕೆಳೆದು ನೋಡುವ ಹಳೆಯ ಅಭ್ಯಾಸ ಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಅದರಿಂದ ನೋವು ಹೆಚ್ಚು. ಅದೇ ಸಂಸ್ಥೆ ಎದೆಹಾಲು ಕುಡಿಸುತ್ತಲೇ ಲಸಿಕೆ ಹಾಕಿ ಎಂದೂ ಹೇಳಿದೆ. ಅಂದರೆ ನೀವು ಕೇಳಿದರೆ ಅದು ಅಧಿಕಪ್ರಸಂಗ ಆಗುವುದಿಲ್ಲ.

ಅಜ್ಜಿಯರ ಎರಡು ಅಂಜಿಕೆಗಳಿವೆ. ಒಂದು, ಅಳುವಾಗ ಹಾಲು ನೆತ್ತಿಗೆ ಹತ್ತುತ್ತದೆ ಎಂಬುದು. ನಡೆದ ಅಧ್ಯಯನಗಳಲ್ಲಿ ಅಂಥ ತೊಂದರೆ ವರದಿಯಾಗಿಲ್ಲ. ಮಗು ಅಳುವುದಾದರೆ ತಾನೇ ಮೊಲೆ ಬಿಟ್ಟು ಅಳುತ್ತದೆ, ಸಮಾಧಾನವಾದ ಮೇಲೆ ಮತ್ತೆ ಹಿಡಿಯುತ್ತದೆ. ಇನ್ನೊಂದು, ನೋವನ್ನು ಮೊಲೆಯ ಜೊತೆ ಸೇರಿಸಿಕೊಂಡು ಮಗು ಹಾಲನ್ನೇ ಬಿಟ್ಟೀತು ಎಂಬುದು. ಅದಕ್ಕೂ ಆಧಾರ ಸಿಕ್ಕಿಲ್ಲ. ಬಾಟಲಿ ಹಾಲಿನ ಮಗುವಾದರೆ, ಮೊಲೆ ಕೊಡಲಾಗದ ತಾಯಿಯಾದರೆ, ಬರಿಯೆದೆಗೆ ಒತ್ತಿಕೊಳ್ಳುವುದೇ ಸಾಕು. ಅಂಥ ತಾಯಂದಿರು ತಮ್ಮಿಂದ ಏನೂ ಆಗದು ಎಂದು ಕೊರಗಬಾರದು.

ಮಗುವಿಗೆ ನಾವೇ ಕೊಡುವ ನೋವಿನ ಮಾತು ಬಂದಿರುವಾಗ ಇದನ್ನೂ ಹೇಳಬೇಕು. ಮಗುವಿಗೆ ಫಿಟ್ಸ್ ಬಂತು, ಹೊಟ್ಟೆ ಉಬ್ಬಿತು ಎಂದು ಬರೆ ಎಳೆಯುವ ಪದ್ಧತಿ ನಮ್ಮ ಕೆಲವು ಭಾಗಗಳಲ್ಲಿ ಪೂರ್ತಿ ಅಳಿದಿಲ್ಲ. ಕಾದ ಕಬ್ಬಿಣದ ಆ ನೋವಿನಿಂದ ಯಾವ ರೋಗವೂ ಹೋಗುವುದಿಲ್ಲ. ಅದನ್ನು ಮಾಡಗೊಡಬೇಡಿ, ಪಕ್ಕದ ಮನೆಯಲ್ಲಿ ನಡೆದರೂ ಸುಮ್ಮನಿರಬೇಡಿ.

ಕೊನೆಯದಾಗಿ ಆಸ್ಪತ್ರೆ ನಡೆಸುವವರಿಗೆ. ತಾಯಿಯನ್ನು ಒಳಗೆ ಬಿಟ್ಟರೆ ಸೋಂಕು, ಗದ್ದಲ ಎಂದು ನೀವು ಹಿಂಜರಿಯುತ್ತೀರಿ. ಕಾಂಗರೂ ಆರೈಕೆ ಶುರುವಾದದ್ದೇ 1970ರ ದಶಕದ ಕೊನೆಯಲ್ಲಿ, ಕೊಲಂಬಿಯಾದ ಬೊಗೋಟಾದ ಇಕ್ಕಟ್ಟಿನ ಆಸ್ಪತ್ರೆಯಲ್ಲಿ, ಇನ್‌ಕ್ಯುಬೇಟರ್ ಸಾಲದೆ. 2021ರಲ್ಲಿ ಪ್ರಕಟವಾದ, ಭಾರತವೂ ಸೇರಿ ಐದು ದೇಶಗಳ ಪ್ರಯೋಗದಲ್ಲಿ ತಾಯಿಯ ಹಾಸಿಗೆಯನ್ನೇ ಶಿಶು ತೀವ್ರ ನಿಗಾ ಘಟಕದೊಳಗೆ ಹಾಕಿ, ಹುಟ್ಟಿದ ತಕ್ಷಣದಿಂದ ಮಗುವನ್ನು ಎದೆಗೆ ಕೊಟ್ಟರು. ಒಂದರಿಂದ 1.8 ಕಿಲೋ ತೂಕದ ಆ ಮಕ್ಕಳಲ್ಲಿ 28 ದಿನದೊಳಗಿನ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಅದರಲ್ಲಿತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸರ್ಕಾರಿ ಆಸ್ಪತ್ರೆಗಳಿಂದ ಮನೆಯ ತನಕ ಕಾಂಗರೂ ಆರೈಕೆ ಒಯ್ಯುವ ಕೆಲಸ ನಡೆದಿದೆ. ಕುಟುಂಬದವರನ್ನು ಶಿಶು ಘಟಕದ ಆರೈಕೆಯಲ್ಲಿ ಸೇರಿಸಿಕೊಳ್ಳಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಒಬ್ಬ ನರ್ಸ್ ಅಕ್ಕ ಹತ್ತು ಹದಿನೈದು ಮಕ್ಕಳನ್ನು ನೋಡಿಕೊಳ್ಳುವ ಕಡೆ, ಪ್ರತಿ ಸೂಜಿಗೆ ಮೊದಲು ಕಾಯಿರಿ ಎನ್ನುವುದು ಅವರ ಮೇಲೆ ಇನ್ನೊಂದು ಹೊರೆ ಎಂದು ನನಗೆ ಗೊತ್ತು. ಆದ್ದರಿಂದ ಮೊದಲು ಕೇಳಬೇಕಾದದ್ದು ಹೆಚ್ಚು ನರ್ಸುಗಳನ್ನು. ಅದು ಆಗುವ ತನಕ, ಮಗುವನ್ನು ಬೆಚ್ಚಗಿಡುವ ಪ್ರತಿ ವಾರ್ಮರ್ ಪಕ್ಕದಲ್ಲಿ ಒರಗಿಕೊಳ್ಳುವ ಒಂದು ಕುರ್ಚಿ, ಲಸಿಕೆ ಕೋಣೆಯಲ್ಲಿ ಒಂದು ಪರದೆ, ರಕ್ತ ಪರೀಕ್ಷೆಯ ಹೊತ್ತನ್ನು ತಾಯಿಗೆ ಮುಂಚೆಯೇ ಹೇಳುವ ಅಭ್ಯಾಸ, ಇಷ್ಟಕ್ಕೆ ಯಾವ ಟೆಂಡರೂ ಬೇಕಿಲ್ಲ.

ಅಮ್ಮಂದಿರೇ, ಮುಂದಿನ ಲಸಿಕೆಯ ದಿನ 'ತಾಯಿ ಕಾರ್ಡ್' ಹಿಡಿದು, ಮುಂದೆ ಬಿಚ್ಚುವ ಬಟ್ಟೆ ತೊಟ್ಟು, ಐದು ನಿಮಿಷ ಮೊದಲೇ ಹೋಗಿ, "ಸಿಸ್ಟರ್, ಮಗು ಹಾಲು ಕುಡೀತಾ ಇರೋವಾಗ್ಲೇ ಹಾಕಿ" ಎಂದು ಕೇಳಿ.